ಪರೀಕ್ಷೆಗೆ ಹಿಡಿದ ಉಪವಾಸ

ಜನವರಿ 8, ಗುರುವಾರ

ತಂಗಿಗೆ ಅಕ್ಕನ ಆಶೀರ್ವಾದ.

ಇವತ್ತು ಉಪವಾಸ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಹಸುವಿಗೆ ಹುಲ್ಲು ಹಾಕಿ, ದೇವರ ಮುಂದೆ ದೀಪ ಹಚ್ಚಿ, ಶಾಲೆಗೆ ಹೋಗಿ ಮಕ್ಕಳಿಗೆಲ್ಲ ಬೇಯಿಸಿ ಬಡಿಸಿ, ಹಂಡೆಗಳನ್ನು ತೊಳೆದು ಬೋರಲು ಹಾಕಿ ಬಂದು ಈಗ ಕೂತಿದ್ದೇನೆ. ಹೊಟ್ಟೆಗಿಲ್ಲದ ದಿನ ಇಡೀ ಶಾಲೆಗೆ ಬಡಿಸುವುದೂ ಒಂದು ತಮಾಷೆ. ಉಪ್ಪು ನೋಡುವ ಹಾಗಿಲ್ಲ. ಎರಡನೆಯ ಕ್ಲಾಸಿನ ತುಂಟನೊಬ್ಬನನ್ನು ಕರೆದು "ನೋಡೋ, ಉಪ್ಪು ಸರಿಯಾಗಿದೆಯಾ" ಎಂದರೆ, "ಇನ್ನೊಂದು ಸಲ ಕೊಡಿ ಅಮ್ಮಾ, ಗೊತ್ತಾಗ್ಲಿಲ್ಲ" ಅನ್ನುತ್ತಾನೆ. ಎಷ್ಟು ಸಲ ಕೊಟ್ಟರೂ ಅವನಿಗೆ ಗೊತ್ತಾಗುವುದಿಲ್ಲ.

ಫೋನು ಯಾಕೆ ಎತ್ತುವುದಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ನನ್ನ ಎಡಗಿವಿ ಹೋಗಿದೆ, ಬಲಗಿವಿಗೆ ಫೋನಿನ ಮೇಲೆ ನಂಬಿಕೆಯಿಲ್ಲ. ಕಾಗದವಾದರೆ ಇನ್ನೊಂದು ಸಲ ಓದಬಹುದು.

ನಮ್ಮ ಮಿಡತೆ ಹೇಗಿದ್ದಾಳೆ? ಮಾರ್ಚ್ ಒಂಬತ್ತಕ್ಕೆ ಏಳನೆಯ ಕ್ಲಾಸಿನ ದೊಡ್ಡ ಪರೀಕ್ಷೆಯಂತೆ. ಅಲ್ಲಿಯವರೆಗಿನ ಗುರುವಾರಗಳನ್ನೆಲ್ಲ ಅವಳ ಹೆಸರಿನಲ್ಲಿ ಹಿಡಿದಿದ್ದೇನೆ. ಪರೀಕ್ಷೆಯ ದಿನ ಬೇರೆ ಒಂದು. ಅವಳಪ್ಪ ನನಗೆ ತಮ್ಮ, ನಿನಗೆ ಅಣ್ಣ, ನಮ್ಮಿಬ್ಬರ ನಡುವಿನವನು. ನಡುವಿನ ಕೊಂಡಿ ಕಳಚಿತು. ಅವಳ ತಾಯಿ ಇನ್ನೊಂದು ಮನೆ ಸೇರಿದಳು, ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಆ ಮಗುವಿಗೆ ಉಳಿದವರು ನಾವಿಬ್ಬರು ಅತ್ತೆಯರೇ. ಇಲ್ಲಿ ಐದನೆಯ ಕ್ಲಾಸಿಗೆ ಶಾಲೆ ಮುಗಿಯುತ್ತದೆ. ನಿನ್ನಂಥ ತಂಗಿ ಪಟ್ಟಣದಲ್ಲಿ ಇರದಿದ್ದರೆ ಅವಳ ಓದೂ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ನಗುವ ವಿಷಯ ಹೇಳುತ್ತೇನೆ. ನಮ್ಮೂರಿನಲ್ಲಿ ಮಕ್ಕಳ ರಕ್ಷಣೆಗೆಂದು ಒಂದು ಸಮಿತಿ ಮಾಡಿದ್ದಾರೆ. ಅದರಲ್ಲಿ ನಾನೂ ಇದ್ದೇನೆ. ಬುದ್ಧಿಗೆ ಅಲ್ಲ, ಅಡುಗೆಗೆ. ಮಕ್ಕಳು ಹೊಟ್ಟೆ ತುಂಬಿದ ಮೇಲೆ ನಿಜ ಹೇಳುತ್ತವೆ, ಅದಕ್ಕೆ ನೀವಿರಬೇಕು ಎಂದರು ಹೆಡ್‌ಮೇಷ್ಟ್ರು. ಹೋದ ವಾರ ಬಟ್ಟೆ ಅಂಗಡಿಯವರ ಮನೆಗೆ ಹೋಗಿದ್ದೆವು. ಎಲ್ಲಿಂದಲೋ ತಂದ ಹತ್ತು ವರ್ಷದ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆಂದು ಸುದ್ದಿ. ಅಂಗಡಿಯವರು, "ಅಯ್ಯೋ, ಕೆಲಸದವಳು ಅಂತ ಯಾರ್ರೀ ಹೇಳಿದ್ದು? ನಮ್ಮ ಮಗಳ ಹಾಗೇ ಇದ್ದಾಳೆ" ಎಂದರು. ನಮ್ಮ ಜೊತೆ ಬಂದಿದ್ದ ಮಕ್ಕಳ ಅಧಿಕಾರಿ ಎಂದರೆ ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಅವಳು ತಣ್ಣಗೆ, "ಸಂತೋಷ. ನಿಮ್ಮ ಮಗಳ ಶಾಲೆ ಚೀಲ ಅಲ್ಲಿದೆ. ಇವಳ ಚೀಲ ಎಲ್ಲಿದೆ, ತೋರಿಸಿ" ಎಂದಳು. ಅಂಗಡಿಯವರ ಹೆಂಡತಿ ಗಡಿಬಿಡಿಯಲ್ಲಿ ಒಳಗೆ ಓಡಿ ತರಕಾರಿ ತರುವ ಚೀಲ ತಂದು ತೋರಿಸಬೇಕೇ! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಹಳೆಯ ಪರದೆಯ ಬಟ್ಟೆಯಲ್ಲಿ ನಾನು ಮಿಡತೆಗೆ ಹೊಲಿದುಕೊಟ್ಟ ಚೀಲ ಇನ್ನೂ ಇದೆಯೇ? ಹಿಡಿ ಕಿತ್ತಿದ್ದರೆ ಹೇಳು, ಇನ್ನೊಂದು ಹೊಲಿಯುತ್ತೇನೆ. ಪಾಪುವಿಗೆ ಮುತ್ತು. ನಿನ್ನ ಯಜಮಾನರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು.

ಅಕ್ಕ


ಜನವರಿ 20

ಅಕ್ಕಾ,

ಕಾಗದ ಬಂತು. ಊಟದ ಬಿಡುವಿನಲ್ಲಿ ಹೊಲಿಗೆ ಮಿಷನ್ನಿನ ಮೇಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಗಾರ್ಮೆಂಟ್ಸಿನಲ್ಲಿ ಈಗ ಕೆಲಸ ಜಾಸ್ತಿ. ಕಾಲರ್ ಹೊಲಿಯುವ ಸಾಲಿಗೆ ಹಾಕಿದ್ದಾರೆ. ಕತ್ತು ಎತ್ತಿದರೆ ಸೂಪರ್‌ವೈಸರ್, ಬಗ್ಗಿಸಿದರೆ ಕಾಲರ್.

ಅತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಪಾಪುವಿಗೆ ಎರಡು ಹಲ್ಲು ಬಂದಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ಇಷ್ಟು ವರ್ಷ ಬೇಡಿಕೊಂಡ ಮೇಲೆ ಬಂದವನಲ್ಲವಾ, ಬಡ್ಡಿ ಸಮೇತ ಗಲಾಟೆ ಮಾಡುತ್ತಾನೆ. ಮಿಡತೆ ಸುಖವಾಗಿದ್ದಾಳೆ. ಪಾಪುವಿಗೆ ಅವಳೆಂದರೆ ಪ್ರಾಣ. ನೀನು ಹೊಲಿದ ಚೀಲ ದಿನಾ ಬಳಕೆಯಲ್ಲಿದೆ, ಹಿಡಿ ಗಟ್ಟಿಯಾಗೇ ಇದೆ.

ಆ ಅಂಗಡಿಯವರ ವಿಷಯ ಓದಿದೆ. ಕಂಡವರ ಮನೆ ಗೋಳು ನಮಗ್ಯಾಕೆ ಅಕ್ಕಾ? ಸುಮ್ಮನೆ ಊರಲ್ಲಿ ನಿಷ್ಠುರ ಕಟ್ಟಿಕೊಳ್ಳಬೇಡ. ಗುರುವಾರ ಒಂದು ಹೊತ್ತು ಹಾಲಾದರೂ ಕುಡಿ. ಪರೀಕ್ಷೆಗೂ ನಿನ್ನ ಹೊಟ್ಟೆಗೂ ಏನು ಸಂಬಂಧ?

ನಿನ್ನ ತಂಗಿ


ಫೆಬ್ರವರಿ 5, ಗುರುವಾರ

ತಂಗಿಗೆ ಆಶೀರ್ವಾದ.

ಪರೀಕ್ಷೆಗೂ ನನ್ನ ಹೊಟ್ಟೆಗೂ ಏನು ಸಂಬಂಧವೆಂದು ಕೇಳಿದ್ದೀಯ. ನನಗೆ ಭಿನ್ನರಾಶಿ ಬರುವುದಿಲ್ಲ, ಭೂಗೋಳ ಬರುವುದಿಲ್ಲ. ಅವಳ ಓದಿಗೆ ನಾನು ಕೊಡಬಹುದಾದದ್ದು ಇದೊಂದೇ. ದೇವರಿಗೆ ಲೆಕ್ಕ ಬೇರೆ ಇರುತ್ತದೆ.

ನಿನ್ನ ಕಾಗದದಲ್ಲಿ ದಣಿವು ಕಂಡಿತು. ಫ್ಯಾಕ್ಟರಿ, ಹಾಸಿಗೆ ಹಿಡಿದ ಅತ್ತೆ, ಹಾಲು ಕುಡಿಯುವ ಮಗು, ಅದರ ಮೇಲೆ ಓದುವ ಹುಡುಗಿಯ ಜವಾಬ್ದಾರಿ. ಹೇಗೆ ತೂಗಿಸುತ್ತೀಯೋ! ನಾನಾಗಿದ್ದರೆ ಕೈಚೆಲ್ಲುತ್ತಿದ್ದೆ. ಮೊನ್ನೆ ಸಮಿತಿಯಲ್ಲಿ ನಿನ್ನ ಮಾತು ತೆಗೆದೆ. "ಮನಸ್ಸಿದ್ದರೆ ಆಗುತ್ತದೆ, ನನ್ನ ತಂಗಿಯನ್ನು ನೋಡಿ ಕಲಿಯಲಿ" ಎಂದೆ. ಹೆಡ್‌ಮೇಷ್ಟ್ರು ತಲೆದೂಗಿದರು.

ಬಟ್ಟೆ ಅಂಗಡಿಯವರ ಮನೆಯ ಹುಡುಗಿಯನ್ನು ಮೊದಲು ಬಾಲಮಂದಿರಕ್ಕೆ ಕರೆದೊಯ್ದಿದ್ದರು. ಈಗ ಅವಳ ಸೋದರಮಾವ ಬಂದು ಪಕ್ಕದ ಬೀದಿಯಲ್ಲಿ ಮನೆ ಮಾಡಿದ್ದಾನೆ, ಹುಡುಗಿ ನಮ್ಮ ಶಾಲೆಗೇ ಬರುತ್ತಾಳೆ. ಊಟ ಮುಗಿದ ಕೂಡಲೇ ಎಲ್ಲರ ತಟ್ಟೆ ಎತ್ತಲು ಬರುತ್ತಾಳೆ. "ನಿನ್ನ ತಟ್ಟೆ ಮಾತ್ರ ತೊಳಿ ತಾಯಿ, ಸಾಕು" ಎಂದರೆ ಹೆದರುತ್ತಾಳೆ. ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತಾಳೆ. ಅವಳ ಕೈಯಿಂದ ತಟ್ಟೆ ಬಿಡಿಸುವುದಕ್ಕೆ ನನಗೆ ದಿನಾ ಒಂದು ಕಥೆ ಹೇಳಬೇಕು.

ಮಿಡತೆಯ ಕೈಯಲ್ಲಿ ಎರಡು ಸಾಲು ಬರೆಸಿ ಕಳಿಸು. ಅವಳ ಅಕ್ಷರ ನೋಡಿ ಬಹಳ ದಿನವಾಯಿತು.

ಅಕ್ಕ


ಮಾರ್ಚ್ 5, ಗುರುವಾರ

ತಂಗಿಗೆ ಆಶೀರ್ವಾದ.

ನಿನ್ನಿಂದ ಕಾಗದವಿಲ್ಲ. ಓದಿನ ಗಡಿಬಿಡಿ ಇರಬೇಕು, ನಾನೂ ತೊಂದರೆ ಕೊಡಲಿಲ್ಲ. ಸೋಮವಾರ ಪರೀಕ್ಷೆ. ಅವತ್ತು ನಾನು ನೀರನ್ನೂ ಮುಟ್ಟುವುದಿಲ್ಲ. ಹುಡುಗಿಯನ್ನು ಬೇಗ ಮಲಗಿಸು. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಿ ಕಳಿಸು, ನಮ್ಮಿಬ್ಬರಲ್ಲಿ ಒಬ್ಬರು ತಿಂದಿದ್ದರೆ ಸಾಕು. ಹೇಗೆ ಬರೆದಳೆಂದು ಕೂಡಲೇ ತಿಳಿಸು.

ಅಕ್ಕ


ಮಾರ್ಚ್ 10

ಅಕ್ಕಾ,

ನೀನು ನೀರೂ ಕುಡಿಯದೆ ಕೂತಿದ್ದೀಯೆಂದು ನೆನೆದೇ ಕೂಡಲೇ ಬರೆಯುತ್ತಿದ್ದೇನೆ. ನಿನ್ನೆ ಪರೀಕ್ಷೆ ಚೆನ್ನಾಗಿ ಆಯಿತು. ಮಿಡತೆ ಎಲ್ಲವನ್ನೂ ಬರೆದಳಂತೆ. ಬಂದವಳೇ ಊಟ ಮಾಡಿ ಮಲಗಿಬಿಟ್ಟಳು, ಅದಕ್ಕೇ ಅವಳ ಕೈಯಲ್ಲಿ ಬರೆಸಲಾಗಲಿಲ್ಲ. ಇನ್ನು ಉಪವಾಸ ಸಾಕು. ದಯವಿಟ್ಟು ಊಟ ಮಾಡು.

ತಂಗಿ


ಮಾರ್ಚ್ 17

ತಂಗಿಗೆ ಆಶೀರ್ವಾದ.

ನಾನು ಒಂಬತ್ತನೆಯ ತಾರೀಖು ಉಪವಾಸ ಮಾಡಲಿಲ್ಲ. ಬೆಳಗ್ಗೆ ದೀಪ ಹಚ್ಚಿ ಶಾಲೆಗೆ ಹೋದೆ. ಪರೀಕ್ಷಾ ಕೊಠಡಿಯ ಕಾವಲಿಗೆಂದು ಹತ್ತಿರದ ಪೇಟೆಗೆ ಹೊರಟಿದ್ದ ಹೆಡ್‌ಮೇಷ್ಟ್ರು ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದರು. "ಯಾರೋ ಪ್ರಶ್ನೆಪತ್ರಿಕೆ ಕದ್ದು ಮೊದಲೇ ಹಂಚಿಬಿಟ್ಟಿದ್ದಾರೆ ಅಮ್ಮಾ. ಎಲ್ಲಾ ಕಡೆ ಪರೀಕ್ಷೆ ಮುಂದಕ್ಕೆ ಹೋಯ್ತು. ನೀವು ಊಟ ಮಾಡಿ" ಎಂದರು. ನಾನು ಮಕ್ಕಳ ಜೊತೆ ಕೂತು ಊಟ ಮಾಡಿದೆ. ಉಪ್ಪು ಸರಿಯಾಗಿತ್ತು.

ನಾಡಿಗೇ ಇಲ್ಲದ ಪರೀಕ್ಷೆಯನ್ನು ನಮ್ಮ ಮಿಡತೆ ಒಬ್ಬಳೇ ಚೆನ್ನಾಗಿ ಬರೆದಿದ್ದಾಳೆ.

ನಿನ್ನ ಕಾಗದವನ್ನು ದೇವರ ಮುಂದಿಟ್ಟು ಮತ್ತೆ ಓದಿದೆ. ನೀನು ಚಿಕ್ಕವಳಿದ್ದಾಗಲೂ ಸುಳ್ಳು ಹೇಳುವಾಗ ಕೊನೆಗೆ ಒಂದು ಒಳ್ಳೆಯ ಮಾತು ಸೇರಿಸುತ್ತಿದ್ದೆ. "ದಯವಿಟ್ಟು ಊಟ ಮಾಡು" ಎಂದಿದ್ದೀಯಲ್ಲ, ಅದು ನಿಜವೆಂದು ನನಗೆ ಗೊತ್ತು. ಅದಕ್ಕೇ ಕೋಪ ಬರಲಿಲ್ಲ.

ಒಂದೇ ಕೇಳುತ್ತೇನೆ ತಂಗೀ. ಅವಳ ಚೀಲ ಎಲ್ಲಿದೆ?

ಅಕ್ಕ


ಏಪ್ರಿಲ್ 4

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಮುಖವಿರಲಿಲ್ಲ ಅಂತಲೂ ಅಂದುಕೋ, ಸಿಟ್ಟಿತ್ತು ಅಂತಲೂ ಅಂದುಕೋ.

ಚೀಲ ಗೋಡೆಯ ಮೊಳೆಯಲ್ಲಿದೆ. ಪಾಪುವಿನ ಒಗೆದ ಬಟ್ಟೆ ಅದರಲ್ಲಿ ಇಡುತ್ತೇವೆ. ದಿನಾ ಬಳಕೆಯಲ್ಲಿದೆ ಅಂತ ಬರೆದಿದ್ದೆ, ಅದು ಸುಳ್ಳಲ್ಲ.

ಆರನೆಯ ಕ್ಲಾಸು ಪೂರ್ತಿ ಹೋದಳು. ಏಳಕ್ಕೂ ಹೋಗುತ್ತಿದ್ದಳು. ಪಾಪು ಹುಟ್ಟಿತು, ಅತ್ತೆ ಬಿದ್ದರು, ನನ್ನ ರಜೆ ಮುಗಿಯಿತು. ಎರಡು ದಿನ ಮನೆಯಲ್ಲಿರು ಪುಟ್ಟಾ ಅಂದೆ. ಎರಡು ವಾರ ಆಯಿತು. ಆಮೇಲೆ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಶಾಲೆಯಿಂದ ಒಬ್ಬ ಟೀಚರ್ ಬಂದಿದ್ದರು. ಹುಷಾರಿಲ್ಲ ಅಂದೆ. ಯಾರಿಗೆ ಹುಷಾರಿಲ್ಲ ಅಂತ ಅವರು ಕೇಳಲಿಲ್ಲ.

ನೀನು ದೊಡ್ಡ ಸಮಿತಿಯವಳು. ನನಗೆ ಹೇಳು, ನಾನು ಏನು ಮಾಡಬೇಕಿತ್ತು? ಕೆಲಸ ಬಿಟ್ಟರೆ ಐದು ಜನ ಏನು ತಿನ್ನಬೇಕು? ಫ್ಯಾಕ್ಟರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಅಂತ ಬೋರ್ಡು ಹಾಕಿದ್ದಾರೆ. ಬಾಗಿಲು ತೆಗೆದರೆ ಒಳಗೆ ರಟ್ಟಿನ ಪೆಟ್ಟಿಗೆಗಳು. ಅದಕ್ಕೆ ಕಾನೂನು ಇಲ್ಲವಾ? ಮಿಡತೆಯನ್ನು ನಾನು ಒಂದು ದಿನವೂ ಹೊಡೆದಿಲ್ಲ. ನಾವು ತಿಂದದ್ದೇ ತಿನ್ನುತ್ತಾಳೆ, ನನ್ನ ಪಕ್ಕದಲ್ಲೇ ಮಲಗುತ್ತಾಳೆ. ನನ್ನ ಅಣ್ಣನ ಮಗಳನ್ನು ನೀನು ಆ ಬಟ್ಟೆ ಅಂಗಡಿಯವರ ಕೆಲಸದ ಹುಡುಗಿಗೆ ಹೋಲಿಸುತ್ತೀಯಾ? ಕಳಿಸುವಾಗ "ಸ್ವಲ್ಪ ಮನೆಗೆಲಸ ಕಲಿಸು, ಮಿಡತೆಯ ಹಾಗೆ ಹಾರುತ್ತಾಳೆ" ಅಂದವಳು ಯಾರು?

ಅವಳು ಈಗ ಹಾರುವುದಿಲ್ಲ ಅಕ್ಕಾ. ನಿನ್ನ ಕಾಗದ ಬಂದ ಮೇಲೆ ನಾನು ಗಮನಿಸಿದ್ದು ಅದು.

ತಂಗಿ


ಏಪ್ರಿಲ್ 9, ಗುರುವಾರ

ತಂಗಿಗೆ ಅಕ್ಕನ ಆಶೀರ್ವಾದ.

ನಿಜ ಬರೆದದ್ದಕ್ಕೆ ದೇವರು ನಿನಗೆ ಒಳ್ಳೆಯದು ಮಾಡಲಿ. ಮನೆಗೆಲಸ ಕಲಿಸು ಎಂದವಳು ನಾನೇ. ಮನೆಗೆ ಕಟ್ಟಿಹಾಕು ಎನ್ನಲಿಲ್ಲ, ಅಷ್ಟೇ ವ್ಯತ್ಯಾಸ. ಅದರ ಮೇಲೆ ಜಗಳ ಬೇಡ.

ಅಂಗಡಿಯವರಿಗೆ ಯಾಕೆ ಹೋಲಿಸುತ್ತೀಯ ಎಂದು ಕೇಳಿದ್ದೀಯ. ಅವರೂ ಆ ಹುಡುಗಿಯನ್ನು ಹೊಡೆದಿರಲಿಲ್ಲ. ಅವರೂ ತಾವು ತಿಂದದ್ದನ್ನೇ ಕೊಡುತ್ತಿದ್ದರು. ಅವರ ಮನೆಯಲ್ಲಿ ನಿಂತು ನಾನು ನಕ್ಕೆ. ಈಗ ಆ ಹೆಂಗಸು ತರಕಾರಿ ಚೀಲ ಹಿಡಿದು ನಿಂತದ್ದು ನೆನಪಾದರೆ ನಗು ಬರುವುದಿಲ್ಲ.

ಸೋಮವಾರ ಮಕ್ಕಳ ಅಧಿಕಾರಿ ಅಡುಗೆಮನೆಗೆ ಬಂದಿದ್ದಳು. ಸೊಪ್ಪು ಸೋಸುತ್ತಾ ಯಾರದೋ ಮನೆಯ ವಿಷಯವೆಂಬಂತೆ ಕೇಳಿದೆ. "ಒಂದು ಮನೆ ಇದೆ ಅಂತಿಟ್ಟುಕೋ ತಾಯಿ. ಸ್ವಂತ ಅತ್ತೆ. ಪ್ರೀತಿ ಇದೆ. ಹುಡುಗಿಗೆ ಹನ್ನೆರಡು ವರ್ಷ. ಶಾಲೆ ಬಿಟ್ಟು ಕೂಸು ನೋಡಿಕೊಳ್ತಾಳೆ. ಅದಕ್ಕೇನು ಹೇಳ್ತೀಯ?"

ಅವಳು ಸೊಪ್ಪಿನ ಕಟ್ಟು ಬಿಚ್ಚುತ್ತಾ, "ಪ್ರೀತಿ ಇರಬಹುದು. ಶಾಲೆ ಇದೆಯಾ, ಅದು ನಮ್ಮ ಪ್ರಶ್ನೆ" ಎಂದಳು.

"ರಕ್ತ ಸಂಬಂಧ ಕಣಮ್ಮಾ."

"ಶಾಲೆ ಬಿಡಿಸಿದರೆ ಸಂಬಂಧವಾದರೂ ಅಷ್ಟೇ, ಹೊರಗಿನವರಾದರೂ ಅಷ್ಟೇ. ವರ್ಷದ ಯಾವ ದಿನ ಹೋದರೂ ಶಾಲೆಯವರು ಬಾಗಿಲು ಹಾಕುವ ಹಾಗಿಲ್ಲ. ಪರೀಕ್ಷೆಗೂ ಕೂರಿಸಲೇಬೇಕು. ಆ ಹುಡುಗಿ ಏನಂತಾಳೆ?"

ನಾನು ಇನ್ನೊಂದು ಕಟ್ಟು ಸೊಪ್ಪು ಎಳೆದುಕೊಂಡೆ. "ಮಗುವನ್ನು ಯಾರೂ ಕೇಳಿಲ್ಲವಾ?" ಎಂದಳು. ಎಲ್ಲಿರಬೇಕು, ಏನಾಗಬೇಕು ಎಂದು ತೀರ್ಮಾನ ಮಾಡುವ ಮೊದಲು ಮಗುವನ್ನೇ ಕೇಳಬೇಕಂತೆ. ಅದು ದಯೆಯಲ್ಲ, ಕಾನೂನೇ ಅಂತೆ. ತಂಗೀ, ಅವಳನ್ನು ಅಲ್ಲಿಗೆ ಕಳಿಸುವಾಗ ನಾನು ಕೇಳಿರಲಿಲ್ಲ. ಶಾಲೆ ಬಿಡಿಸುವಾಗ ನೀನು ಕೇಳಲಿಲ್ಲ. ಅವಳಿಗೋಸ್ಕರ ನಾನು ಹೊಟ್ಟೆ ಕಟ್ಟಿದೆ, ನೀನು ಹೊಟ್ಟೆಗೆ ಹಾಕಿದೆ. ಬಾಯಿ ತೆರೆಯಲು ಮಾತ್ರ ಇಬ್ಬರೂ ಬಿಡಲಿಲ್ಲ.

ಏಳುವಾಗ ಅಧಿಕಾರಿ, "ಅಮ್ಮಾ, ಆ ಹುಡುಗಿ ನಿಮಗೇನಾಗಬೇಕು?" ಎಂದಳು. ನಾನು ಸೊಪ್ಪಿನಿಂದ ತಲೆ ಎತ್ತಲಿಲ್ಲ.

ಮುಂದಕ್ಕೆ ಹೋದ ಪರೀಕ್ಷೆ ಈ ತಿಂಗಳು ಇಪ್ಪತ್ತೇಳಕ್ಕೆ. ಪ್ರಶ್ನೆಪತ್ರಿಕೆ ಕದ್ದವನಿಗೆ ನರಕವೇ ಸಿಗಲಿ, ಆದರೆ ನಮಗೆ ಇಷ್ಟು ದಿನ ಕೊಡಿಸಿದ್ದು ಅವನೇ. ಇಪ್ಪತ್ತಕ್ಕೆ ನಮ್ಮ ಸಮಿತಿ ಕೂರುತ್ತದೆ. ಅವತ್ತು ನಾನು ನಮ್ಮ ಮನೆಯ ವಿಷಯ ಹೇಳುತ್ತೇನೆ. ಅಂಗಡಿಯವರ ಬಾಗಿಲು ತಟ್ಟಿದ ಕೈಯಿಂದ ತಂಗಿಯ ಬಾಗಿಲು ಮುಚ್ಚಿಡಲಾರೆ. ಅಷ್ಟರೊಳಗೆ ಅವಳು ಶಾಲೆಯಲ್ಲಿದ್ದರೆ ಹೇಳುವ ಮಾತು ಬೇರೆ, ಇಲ್ಲದಿದ್ದರೆ ಬೇರೆ. ನಿನ್ನನ್ನು ಹೆದರಿಸುತ್ತಿಲ್ಲ. ಬೆನ್ನ ಹಿಂದೆ ಹೇಳಬಾರದೆಂದು ಮುಂಚೆ ತಿಳಿಸುತ್ತಿದ್ದೇನೆ.

ಆ ರಟ್ಟಿನ ಪೆಟ್ಟಿಗೆಯ ಕೋಣೆಗೂ ಕಾನೂನು ಇದೆ ಅಂತ ಅಧಿಕಾರಿ ಹೇಳಿದಳು. ಒಬ್ಬಳೇ ಕೇಳಬೇಡ, ನಿನ್ನ ಸಾಲಿನ ಹೆಂಗಸರೆಲ್ಲ ಸೇರಿ ಕೇಳಿ. ನಿನ್ನ ಯಜಮಾನರಿಗೂ ಎರಡು ಕೈ ಇವೆ. ಹಾಸಿಗೆ ಹಿಡಿದವರು ಅವರ ತಾಯಿ.

ಅಕ್ಕ


ಏಪ್ರಿಲ್ 18

ಅಕ್ಕಾ,

ನಿನ್ನ ಕಾಗದ ಓದಿ ಎರಡು ದಿನ ನಿನಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಸ್ವಂತ ತಂಗಿಯ ಮೇಲೆ ದೂರು ಹೇಳುವ ಅಕ್ಕ ಯಾವ ದೇವರಿಗೆ ಉಪವಾಸ ಮಾಡುತ್ತಾಳೆ ಅಂತ. ಮೂರನೆಯ ದಿನ ಮಿಡತೆಯನ್ನು ಕೂರಿಸಿಕೊಂಡು, "ಶಾಲೆಗೆ ಹೋಗ್ತೀಯಾ?" ಅಂದೆ. ಅವಳು, "ಪಾಪುನ ಯಾರು ಎತ್ಕೊಳ್ತಾರೆ ಚಿಕ್ಕತ್ತೆ?" ಅಂದಳು. ಹೋಗುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತುಬಂದೆ.

ಬುಧವಾರ ಕರೆದುಕೊಂಡು ಹೋದೆ. ದೊಡ್ಡ ಟೀಚರ್ ಬೈದರು, ನನಗೆ. ಅವಳಿಗೆ ಪುಸ್ತಕ ಕೊಟ್ಟರು. ಯಜಮಾನರು ರಾತ್ರಿ ಪಾಳಿ ತೆಗೆದುಕೊಂಡು ಬೆಳಗ್ಗೆ ಮನೆಯಲ್ಲಿರುತ್ತಾರೆ. ಅತ್ತೆಯ ಹಾಸಿಗೆ ಬದಲಿಸುವಾಗ ಅವರಿಗೆ ಆಗುವ ಕಷ್ಟ ನೋಡಿ ಅತ್ತೆಗೇ ನಗು ಬಂತು. "ನಿನ್ನನ್ನ ನಾನು ಇಷ್ಟು ಕಷ್ಟಪಟ್ಟು ತೊಳೀಲಿಲ್ಲ ಕಣೋ" ಅಂದರು. ಪೆಟ್ಟಿಗೆಗಳ ಕೋಣೆಯ ವಿಷಯ ಇಡೀ ಸಾಲು ಎದ್ದು ನಿಂತು ಕೇಳಿದೆವು. ನೋಡೋಣ ಅಂದಿದ್ದಾರೆ. ಸದ್ಯಕ್ಕೆ ನೋಡೋಣವೇ.

ಇದು ನಿಜ ಅಕ್ಕಾ. ನೀನು ನಂಬುತ್ತೀಯೋ ಇಲ್ಲವೋ. ಕೆಳಗೆ ಅವಳೇ ಬರೆದಿದ್ದಾಳೆ.

ತಂಗಿ

ದೊಡ್ಡತ್ತೆಗೆ ನಮಸ್ಕಾರ. ಚೀಲ ಖಾಲಿ ಮಾಡಿದೆ. ಪಾಪು ಬಟ್ಟೆ ಬುಟ್ಟಿಗೆ ಹಾಕಿದೆ. ಭಿನ್ನರಾಶಿ ಎಲ್ಲಾ ಮರೆತುಹೋಗಿದೆ. ಪಕ್ಕದಲ್ಲಿ ಕೂರುವ ಹುಡುಗಿ ಹೇಳಿಕೊಡುತ್ತಾಳೆ, ಆದರೆ ಅವಳಿಗೂ ಸರಿಯಾಗಿ ಬರುವುದಿಲ್ಲ. ಚಿಕ್ಕತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ.


ಏಪ್ರಿಲ್ 23, ಗುರುವಾರ

ತಂಗಿಗೆ ಅಕ್ಕನ ಆಶೀರ್ವಾದ.

ಇವತ್ತೂ ಉಪವಾಸವೇ. ಹಂಡೆಗಳು ಬೋರಲು ಬಿದ್ದಿವೆ, ಹಸು ಮೇಯುತ್ತಿದೆ, ನಾನು ಬರೆಯುತ್ತಿದ್ದೇನೆ.

ಸಮಿತಿಯಲ್ಲಿ ಹೇಳಿದೆ. "ಮನಸ್ಸಿದ್ದರೆ ಆಗುತ್ತದೆ, ನನ್ನ ತಂಗಿಯನ್ನು ನೋಡಿ ಎಂದಿದ್ದೆನಲ್ಲ, ಆ ಮಾತು ವಾಪಸ್ಸು ತೆಗೆದುಕೊಳ್ಳುತ್ತೇನೆ. ಮನಸ್ಸೊಂದಿದ್ದರೆ ಆಗುವುದಿಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಅವತ್ತು ಬೆಳಗ್ಗೆಯಷ್ಟೇ ಕೈಸೇರಿದ ನಿನ್ನ ಕೊನೆಯ ಕಾಗದವನ್ನೂ ಓದಿದೆ. ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಕೂತರು. ಅಧಿಕಾರಿ, "ಸೊಪ್ಪು ಸೋಸಿದ ದಿನವೇ ಗೊತ್ತಾಗಿತ್ತು ಅಮ್ಮಾ" ಎಂದಳು. ನಿಮ್ಮ ಪಟ್ಟಣದ ಅಧಿಕಾರಿಗೆ ತಿಳಿಸಿದ್ದಾಳೆ. ಕೇಸು ಹಾಕುವುದಕ್ಕಲ್ಲ, ನೋಡಿ ಹೋಗುವುದಕ್ಕೆ ಆಗಾಗ ಬರುತ್ತಾರಂತೆ. ಬಂದವರಿಗೆ ಕೂರಲು ಚಾಪೆ ಹಾಕು, ಕುಡಿಯಲು ನೀರು ಕೊಡು. ಚೀಲ ಕೇಳಿದರೆ ತೋರಿಸು.

ನಿನ್ನ ಶಾಪ ತಟ್ಟಿಲ್ಲ. ತಟ್ಟಿದ್ದರೂ ತಂಗಿಯ ಶಾಪವಲ್ಲವೇ, ತೊಳೆದರೆ ಹೋಗುತ್ತದೆ.

ಮಿಡತೆ "ಚಿಕ್ಕತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ಬರೆದಿದ್ದಾಳೆ. ಅದನ್ನು ಬಹಳ ಹೊತ್ತು ನೋಡಿದೆ. ನಿಜವೇ ಇರಬಹುದು. ಆದರೆ ನೀನು ಪಕ್ಕದಲ್ಲಿ ಕೂತಿರುವಾಗ ಬರೆದದ್ದು. ನಾನು ಪಕ್ಕದಲ್ಲಿ ಕೂತಿದ್ದರೂ ದೊಡ್ಡತ್ತೆ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದೇ ಬರೆಯುತ್ತಿದ್ದಳು. ಅವಳಿಗೆ ಈಗ ನಾವಿಬ್ಬರೂ ಇಲ್ಲದ ಒಂದು ಜಾಗ ಬೇಕು.

ಅದಕ್ಕೆ ಒಂದು ಕೆಲಸ ಮಾಡಿದ್ದೇನೆ. ಇದರ ಜೊತೆ ಒಂದು ಖಾಲಿ ಹಾಳೆ, ನನ್ನ ವಿಳಾಸ ಬರೆದ ಒಂದು ಲಕೋಟೆ ಇಟ್ಟಿದ್ದೇನೆ. ಸೋಮವಾರ ಪರೀಕ್ಷೆಗೆ ಹೊರಡುವಾಗ ಅವಳ ಚೀಲದಲ್ಲಿ ಹಾಕು. ಪರೀಕ್ಷೆ ಮುಗಿದ ಮೇಲೆ ಶಾಲೆಯಲ್ಲೇ ಕೂತು ಬರೆಯಲಿ. ಯಾವ ಪ್ರಶ್ನೆ ಕಷ್ಟವಾಯಿತು. ಮುಂದಿನ ವರ್ಷ ಎಲ್ಲಿ ಇರಲು ಇಷ್ಟ. ನಿನ್ನ ಜೊತೆ ಎಂದರೆ ನಿನ್ನ ಜೊತೆ. ನನ್ನ ಜೊತೆ ಎಂದರೆ ಪೇಟೆಯ ಶಾಲೆಗೆ ಈಗ ಬಸ್ಸಿದೆ, ನಾನೇ ಹತ್ತಿಸುತ್ತೇನೆ. ಪಾಪುವಿನ ಚಿಂತೆ ಅವಳು ಮಾಡುವುದು ಬೇಡ ಎಂದು ನೀನೇ ಹೇಳು. ನಾನು ಹೇಳಿದರೆ ನಂಬುವುದಿಲ್ಲ. ಅವಳು ಏನೇ ಬರೆದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನೀನೂ ಮಾಡಿಕೊಳ್ಳಬೇಡ. ಅಂಟಿಸಿದ್ದನ್ನು ಬಿಚ್ಚಬೇಡ.

ನಮ್ಮೂರ ಬಸ್ಸಿನ ಕಂಡಕ್ಟರ್ ನಿನಗೆ ಗೊತ್ತಲ್ಲ, ಸೀಟಿ ಅಣ್ಣ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ, ಓದಿ ಮುಗಿಸುವವರೆಗೆ ನಿಲ್ಲಿಸಿಕೋ. ಅವನ ಮಗಳೂ ಇದೇ ಪರೀಕ್ಷೆಗೆ ಕೂರುತ್ತಾಳೆ, ಅದಕ್ಕೆ ಅವನಿಗೆ ಎಲ್ಲ ಅರ್ಥವಾಯಿತು. ಸೋಮವಾರ ಬಸ್ಸು ನಿಮ್ಮ ಪಟ್ಟಣದಲ್ಲಿ ನಿಂತಾಗ ಅವನು ನಿನ್ನ ಮನೆಗೆ ಬರುವುದಿಲ್ಲ, ಶಾಲೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ. ಲಕೋಟೆಯನ್ನು ಮಿಡತೆಯೇ ಬಂದು ಕೊಡಬೇಕು. ನೀನು ಕೊಟ್ಟರೆ ಅವನು ತೆಗೆದುಕೊಳ್ಳುವುದಿಲ್ಲ, ಹಾಗೆಂದು ಹೇಳಿದ್ದೇನೆ.

ಸೋಮವಾರ ಅದು ಬರುವವರೆಗೆ ನಾನು ನೀರು ಮುಟ್ಟುವುದಿಲ್ಲ. ಅವನಿಗೆ ನೀನೂ ಒಂದು ಮಾತು ಹೇಳು: ಹುಡುಗಿ ಬರೆದು ಮುಗಿಸುವವರೆಗೆ ಕಾಯಲಿ, ಸೀಟಿ ಊದಿ ಅವಸರ ಮಾಡದೆ ಅವಳ ಉತ್ತರವನ್ನು ತೆಗೆದುಕೊಂಡು ಬರಲಿ.

ಅಕ್ಕ